ಉದ್ದ ಬೇರಿನ ಪ್ಲಗ್ಗು

"ಸ್ಪಾರ್ಕ್ ಪ್ಲಗ್ ತಾನೇ! ಒಂದೊಂದು ಬಾಯಲ್ಲೂ ಮೂವತ್ತೆರಡು ಹಲ್ಲು ನೋಡಿ ಹೆದರದವನು, ನಾಲ್ಕೇ ನಾಲ್ಕು ಪ್ಲಗ್ಗಿಗೆ ಹೆದರ್ತೀನೇನೇ?"

ಹಲ್ಲಿನ ಡಾಕ್ಟರು ಹೀಗೆಂದು ಗುಡುಗಿದ್ದು ಶನಿವಾರ ಬೆಳಿಗ್ಗೆ, ತಿಂಡಿಯ ಮೇಜಿನ ಮುಂದೆ, ಬೆಣ್ಣೆ ಸವರಿದ ಬ್ರೆಡ್ಡನ್ನು ಖಡ್ಗದಂತೆ ಮೇಲೆತ್ತಿ. ಆ ಗುಡುಗಿಗೆ ಬ್ರೆಡ್ಡು ನಡುಗಿತೇ ಹೊರತು ಎದುರಿಗೆ ಕೂತಿದ್ದ ಹೆಂಡತಿ ನಡುಗಲಿಲ್ಲ. ಅವರು ಮನೆಯ ಮುಂಭಾಗದಲ್ಲೇ ಹೊಲಿಗೆ ಅಂಗಡಿ ಇಟ್ಟುಕೊಂಡವರು, ಬೀದಿಗೆಲ್ಲ 'ಟೈಲರಮ್ಮ'. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಗಿರಾಕಿಗಳ ಜೊತೆ ವಾದ ಗೆಲ್ಲುವ ಹೆಣ್ಣುಮಗಳು, ಬಾಯಿ ಖಾಲಿಯಿದ್ದಾಗ ಗಂಡನನ್ನು ಬಿಟ್ಟಾರೆಯೇ?

"ಹಲ್ಲಿಗೆ ಹೆದರೋದು ನೀವಲ್ಲ ರೀ, ನಿಮ್ಮ ಪೇಷೆಂಟುಗಳು. ಸುಮ್ನೆ ಒಬ್ಬ ಮೆಕ್ಯಾನಿಕ್‌ನ ಕರೀರಿ. ಇಲ್ಲಾ, ಅಪ್ಪನ್ನೇ ಒಂದು ಮಾತು ಕೇಳಿ."

"ನಿಮ್ಮಪ್ಪನ್ನಾ? ಪರೀಕ್ಷೆ ಇಟ್ಟವರ ಹತ್ರಾನೇ ಉತ್ತರ ಕೇಳೋದಾ? ಅದಕ್ಕಿಂತ ನನ್ನ ಹಲ್ಲು ನಾನೇ ಕಿತ್ಕೋತೀನಿ!"

ಪರೀಕ್ಷೆ ಇಟ್ಟಿದ್ದಂತೂ ನಿಜ. ಮಾವನವರು ಆಯುಷ್ಯವನ್ನೆಲ್ಲ ಹಡಗಿನ ಎಂಜಿನ್ನುಗಳ ಜೊತೆ ಕಳೆದವರು. ಹರೆಯದಲ್ಲಿ ಆಸೆಪಟ್ಟು ಕೊಂಡ ಒಂದು ಸ್ಪೋರ್ಟ್ಸ್ ಕಾರು ಅವರ ಪ್ರಾಣ. ಕೆಂಪು ಬಣ್ಣ, ಉದ್ದ ಮೂತಿ, ಮಡಚುವ ಚಾವಣಿ, ಇಬ್ಬರಿಗಷ್ಟೇ ಜಾಗ. ಮನೆಮಂದಿಗೆಲ್ಲ ಅದು 'ಕೆಂಪಿ'. ಈಗ ಮಾವನವರಿಗೆ ಕಣ್ಣು ಮಂಜಾಗಿ, ಗಾಡಿ ಓಡಿಸಕೂಡದೆಂದು ಮಕ್ಕಳು ಹಟ ಹಿಡಿದಿದ್ದರು. ಇರುವುದು ಇಬ್ಬರು ಅಳಿಯಂದಿರು. ದೊಡ್ಡವರು ನಮ್ಮ ಡಾಕ್ಟರು. ಚಿಕ್ಕವರು, ಅಂದರೆ ಡಾಕ್ಟರ ಷಡ್ಡಕ, ಕನ್ನಡಕದ ಅಂಗಡಿಯವರು. ಇಬ್ಬರಿಗೂ ಬೇರೆ ಯಾವುದರಲ್ಲೂ ಹೊಂದಾಣಿಕೆಯಿಲ್ಲದಿದ್ದರೂ ಕೆಂಪಿಯನ್ನು ನೋಡಿ ಸುರಿಸುವ ಜೊಲ್ಲು ಮಾತ್ರ ಒಂದೇ ಅಳತೆಯದು.

ಮಾವನವರು ತೀರ್ಪು ಕೊಟ್ಟಿದ್ದು ಹೀಗೆ: "ಎಂಜಿನ್ ಕೆಮ್ತಾ ಇದೆ, ಪ್ಲಗ್ ನೋಡ್ಬೇಕು. ಮೊದಲ ಅವಕಾಶ ದೊಡ್ಡ ಅಳಿಯಂದಿರಿಗೆ. ಭಾನುವಾರ ಬರ್ತೀನಿ. ಒಂದೇ ಸಲಕ್ಕೆ ಸ್ಟಾರ್ಟ್ ಆಗಿ, ನನ್ನನ್ನ ಕೂರಿಸ್ಕೊಂಡು ಹೊರಟ್ರೆ ಗಾಡಿ ನಿಮ್ಮದು. ಆಗಲಿಲ್ಲ ಅಂದ್ರೆ ಚಿಕ್ಕ ಅಳಿಯಂದಿರದು. ಅವರ ಮನೆವರೆಗೆ ತಳ್ಕೊಂಡು ಹೋಗೋ ಕೆಲಸ ಮಾತ್ರ ನಿಮ್ಮದೇ."

ಸೋಲಿನ ಜೊತೆಗೆ ತಳ್ಳಾಟ ಬೇರೆ! ಷಡ್ಡಕ ಬಾಗಿಲಲ್ಲಿ ನಿಂತು ಕನ್ನಡಕ ಒರೆಸಿಕೊಳ್ಳುತ್ತ, "ಅಯ್ಯೋ, ಅಷ್ಟು ದೂರ ಯಾಕೆ ತಳ್ಕೊಂಡು ಬಂದ್ರಿ, ಪಾಪ" ಎಂದು ನಗುವ ಚಿತ್ರ ಡಾಕ್ಟರ ಕಣ್ಣಮುಂದೆ ಬಂತು. ಬ್ರೆಡ್ಡನ್ನು ತಟ್ಟೆಗೆ ಎಸೆದು ಎದ್ದೇಬಿಟ್ಟರು.

ಸ್ಪೇರ್ ಪಾರ್ಟ್ಸ್ ಅಂಗಡಿಯವನು ಶನಿವಾರ ಮಧ್ಯಾಹ್ನಕ್ಕೇ ಷಟರ್ ಎಳೆಯುವವನು. ಮತ್ತೆ ತೆಗೆಯುವುದು ಸೋಮವಾರ. ಡಾಕ್ಟರು ಹೋದಾಗ ಅರ್ಧ ಷಟರ್ ಆಗಲೇ ಇಳಿದಿತ್ತು. ಬಗ್ಗಿ ಒಳನುಗ್ಗಿದರು.

"ಸ್ಪಾರ್ಕ್ ಪ್ಲಗ್ ಕೊಡಿ. ನಾಲ್ಕು."

"ಯಾವ ಗಾಡಿ ಸಾರ್?"

"ಸ್ಪೋರ್ಟ್ಸ್ ಕಾರು. ಹಳೇದು."

"ಎಷ್ಟು ಹಳೇದು?"

"ನಮ್ಮ ಮನೆಯವರಿಗಿಂತ ಸ್ವಲ್ಪ ದೊಡ್ಡದು. ಇದಕ್ಕಿಂತ ಬಿಡಿಸಿ ಹೇಳಿದ್ರೆ ರಾತ್ರಿ ಊಟ ಸಿಗಲ್ಲ ಕಣ್ರೀ."

ಅಂಗಡಿಯವನು ತಲೆ ಕೆರೆದುಕೊಂಡ. "ಹಳೇ ಪ್ಲಗ್ ಒಂದು ಬಿಚ್ಕೊಂಡು ಬಂದಿದ್ದೀರಾ ಸಾರ್? ಪಕ್ಕದಲ್ಲಿಟ್ಟು ನೋಡಿ ಕೊಡ್ಬೋದು. ಕೆಳಗಿನ ತಿರುಪಿನ ಥ್ರೆಡ್ ಎಷ್ಟುದ್ದ, ಹಾಟ್ ಪ್ಲಗ್ಗೋ, ಕೋಲ್ಡ್ ಪ್ಲಗ್ಗೋ…"

"ಬಿಸಿಯೋ ತಣ್ಣಗೋ ಅಂತ ಕೇಳೋಕೆ ಇದೇನು ಹಾಲಿನಂಗಡೀನಾ?"

"ಹಾಗಲ್ಲ ಸಾರ್. ಒಳಗಿನ ಬಿಸೀನ ಪ್ಲಗ್ಗು ಎಷ್ಟು ಬೇಗ ಹೊರಗೆ ಸಾಗಿಸುತ್ತೆ ಅನ್ನೋದರ ಮೇಲೆ…"

"ಮಧ್ಯದ್ದು ಕೊಡಿ. ನಾನು ಯಾವತ್ತೂ ಅತಿರೇಕಕ್ಕೆ ಹೋಗೋನಲ್ಲ."

ಅಂಗಡಿಯವನು ಒಂದೇ ದಪ್ಪದ, ಆದರೆ ಗಿಡ್ಡ, ಸಾಧಾರಣ, ಉದ್ದ ಹೀಗೆ ಬೇರೆ ಬೇರೆ ಥ್ರೆಡ್ಡಿನ ಪ್ಲಗ್ಗುಗಳನ್ನು ಗಾಜಿನ ಮೇಲೆ ಹರಡಿದ. ಡಾಕ್ಟರ ಕಣ್ಣರಳಿತು. ಅರೆ! ಮೇಲೆ ಬೆಳ್ಳನೆಯ ಪಿಂಗಾಣಿ, ನಡುವೆ ಲೋಹದ ಪಟ್ಟಿ, ಕೆಳಗೆ ನೀಳವಾದ ಬೇರು!

"ಇದು ಕ್ಯಾಪ್ ಹಾಕಿಸಿದ ಹಲ್ಲೇ ಅಲ್ವೇನ್ರೀ!"

"ಹಲ್ಲಲ್ಲ ಸಾರ್, ಪ್ಲಗ್ಗು."

"ಎಲ್ಲ ಒಂದೇ. ಕುಣಿಯಲ್ಲಿ ಕೂರೋದು, ತುದಿ ಹೊರಗೆ ಕಾಣೋದು. ನಮ್ಮ ಶಾಸ್ತ್ರದಲ್ಲಿ ಒಂದೇ ಮಾತು: ಬೇರು ಉದ್ದ ಇದ್ದಷ್ಟೂ ಹಲ್ಲು ಭದ್ರ. ಎಲ್ಲಕ್ಕಿಂತ ಉದ್ದದ್ದು ಯಾವುದಿದೆಯೋ ಅದನ್ನೇ ಕೊಡಿ!"

"ಸಾರ್, ಒಳಗೆ ಪಿಸ್ಟನ್ ಮೇಲೆ ಕೆಳಗೆ ಓಡಾಡ್ತಿರುತ್ತೆ…"

"ಬಾಯಲ್ಲಿ ನಾಲಿಗೆ ಓಡಾಡಲ್ವೇನ್ರೀ? ಹಲ್ಲಿಗೆ ಅಡ್ಡ ಬರುತ್ತಾ?"

ಅಂಗಡಿಯವನಿಗೆ ಹಸಿವಾಗಿತ್ತು. "ಒಂದು ಸಲ ಹಾಕಿದ ಮೇಲೆ ವಾಪಸ್ ತಗೊಳ್ಳಲ್ಲ ಸಾರ್," ಎಂದಷ್ಟೇ ಹೇಳಿ ಪೊಟ್ಟಣ ಕಟ್ಟಿದ.

"ನಾನು ಹಾಕಿದ ಹಲ್ಲನ್ನ ಇವತ್ತಿನವರೆಗೂ ಯಾರೂ ವಾಪಸ್ ಕೊಟ್ಟಿಲ್ಲ!" ಎಂದು ಡಾಕ್ಟರು ಷಟರ್ ಕೆಳಗಿಂದ ನುಸುಳಿ ಹೊರಬಿದ್ದರು. ಅವರ ಹಿಂದೆಯೇ ಅದು ಧಡಾರನೆ ಇಳಿಯಿತು.

ಮನೆಯ ಹಿಂದಿನ ಶೆಡ್ಡಿನಲ್ಲಿ ಕೆಂಪಿ ಬಾನೆಟ್ಟು ತೆರೆದು ಕೂತಿತ್ತು. ಡಾಕ್ಟರು ಬಿಳಿ ಕೋಟು ತೊಟ್ಟು, ಕೈಗೆ ಗ್ಲೌಸು ಏರಿಸಿ, ಹಣೆಗೆ ದೀಪ ಕಟ್ಟಿಕೊಂಡು ಬಂದರು. ಸದ್ದು ಕೇಳಿ ಟೈಲರಮ್ಮ ಕೊರಳಲ್ಲಿ ಅಳತೆ ಟೇಪು ಜೋತುಬಿಟ್ಟುಕೊಂಡೇ ಇಣುಕಿದರು.

"ಕೆಂಪಿಗೆ ಅರಿವಳಿಕೆ ಕೊಟ್ರಾ?"

"ತಮಾಷೆ ಬೇಡ. ಇಕ್ಕಳ ಕೊಡು."

"ಆ ನಾಲ್ಕು ವೈರು ಕೀಳೋ ಮುಂಚೆ ಒಂದೊಂದಕ್ಕೂ ಒಂದೊಂದು ಬಣ್ಣದ ದಾರ ಕಟ್ಕೊಳ್ಳಿ ರೀ. ಆಮೇಲೆ ಯಾವುದು ಎಲ್ಲಿಗೆ ಅಂತ ಗೊತ್ತಾಗ್ಬೇಡ್ವೇ? ದಾರ ತರ್ಲಾ?"

"ಜನರ ದವಡೆಯ ನಕ್ಷೆಯನ್ನೆಲ್ಲ ಇಲ್ಲಿಟ್ಕೊಂಡಿದ್ದೀನಿ," ಡಾಕ್ಟರು ತಲೆ ತಟ್ಟಿಕೊಂಡರು. "ನಾಲ್ಕು ವೈರಿಗೆ ಜಾಗ ಇರಲ್ವಾ?"

ಹಳೆಯ ಪ್ಲಗ್ಗುಗಳು ಒಂದೊಂದಾಗಿ ಸಲೀಸಾಗಿ ಬಂದವು. ಮಸಿ ಹಿಡಿದು ಇದ್ದಿಲಾಗಿದ್ದ ಅವನ್ನು ಡಾಕ್ಟರು ಮೂಗು ಮುರಿದು ಪಕ್ಕಕ್ಕೆಸೆದರು. ಹೊಸವನ್ನು ತಿರುಗಿಸಿ ಕೂರಿಸಿದರು. ಆಹಾ, ಏನು ಬಿಗಿ, ಏನು ಆಳ! ಅಭ್ಯಾಸಬಲದಿಂದ, "ಸ್ವಲ್ಪಾನೂ ನೋವಾಗಲಿಲ್ಲ ಅಲ್ವಾ?" ಎಂದು ಕೆಂಪಿಯನ್ನೇ ಕೇಳಿ, ಸೀಟಿನಲ್ಲಿ ಕೂತು ಕೀಲಿ ತಿರುಗಿಸಿದರು.

ಠಕ್!

ಅಷ್ಟೇ. ಎಂಜಿನ್ನು ಅರ್ಧ ಸುತ್ತೂ ತಿರುಗದೆ ನಿಂತಿತು.

"ಬ್ಯಾಟರಿ ಇರ್ಬೇಕು," ಎಂದರು ಡಾಕ್ಟರು. ಕುಣಿಯಲಾರದವಳಿಗೆ ನೆಲ ಡೊಂಕು! ಮತ್ತೆ ತಿರುಗಿಸಿದರು. ಮತ್ತೆ ಠಕ್!

"ಕೀಲಿ ಬಿಡಿ, ಬಿಡಿ!" ಟೈಲರಮ್ಮ ಕೂಗಿಕೊಂಡರು. "ಆ ಸದ್ದು ನಂಗೆ ಗೊತ್ತು. ಅಳತೆ ಮೀರಿದ ಸೂಜಿ ಹಾಕಿದ್ರೆ ನನ್ನ ಮಿಷನ್ನೂ ಹೀಗೇ ಬಡ್ಕೊಳ್ಳುತ್ತೆ. ಸೂಜಿ ಹೋಗಿ ಕೆಳಗಿನ ಕಬ್ಬಿಣಕ್ಕೆ ಹೊಡೆಯುತ್ತೆ."

"ನಿನ್ನ ಹೊಲಿಗೆ ಮಿಷನ್ನೂ ನಮ್ಮ ಕೆಂಪೀನೂ ಒಂದೇನಾ?"

"ಹಲ್ಲೂ ಪ್ಲಗ್ಗೂ ಒಂದೇ ಆಗೋದಾದ್ರೆ ಇದೂ ಆಗುತ್ತೆ!"

ಡಾಕ್ಟರು ಪ್ಲಗ್ ಬಿಚ್ಚಿದರು. ತುದಿಯ ಕೊಕ್ಕೆ, ಬಾಗಿಲಿಗೆ ಹಣೆ ಜಜ್ಜಿಕೊಂಡವನಂತೆ, ಅಪ್ಪಚ್ಚಿಯಾಗಿತ್ತು. ಹಳೆಯದನ್ನು ಹುಡುಕಿ ತಂದು ಪಕ್ಕದಲ್ಲಿಟ್ಟರು. ಹೊಸದರ ಬೇರು ಹೆಚ್ಚುಕಡಿಮೆ ಅರ್ಧದಷ್ಟು ಉದ್ದ ಹೆಚ್ಚಿಗಿತ್ತು!

"ಈಗ ಬಂತಾ ಪಕ್ಕಪಕ್ಕ ಇಟ್ಟು ನೋಡೋ ಬುದ್ಧಿ?"

ಗಾಡಿ ಷಡ್ಡಕನ ಪಾಲಾಗುವ ಚಿಂತೆ ಹಾಗಿರಲಿ. ಮುದುಕ ಇಷ್ಟು ವರ್ಷ ಮಗುವಿನ ಹಾಗೆ ಸಾಕಿದ ಎಂಜಿನ್ನಿನ ಹೊಟ್ಟೆಗೆ ತಾನು ಗೂಟ ಹೊಡೆದುಬಿಟ್ಟೆನೇ ಎಂದು ಡಾಕ್ಟರು ನಿಜಕ್ಕೂ ಹೆದರಿದರು. ಬಾಯೊಳಗೆ ನೋಡುವ ಪುಟ್ಟ ಕನ್ನಡಿಯನ್ನು ತಂದು ಪ್ಲಗ್ಗಿನ ತೂತಿಗೆ ಇಳಿಬಿಟ್ಟು, ಹಣೆಯ ದೀಪ ಹಾಯಿಸಿ, ಒಂದು ಕಣ್ಣು ಮುಚ್ಚಿ ನೋಡಿದರು.

"ಏನಾಗಿದೆ ರೀ?" ಟೈಲರಮ್ಮನ ದನಿಯಲ್ಲೂ ಈಗ ಗೇಲಿಯಿರಲಿಲ್ಲ. ಅಪ್ಪನ ಮಡಿಲಲ್ಲಿ ಕೂತು ಆ ಗಾಡಿಯ ಹಾರನ್ ಒತ್ತಿ ಬೆಳೆದವರು ಅವರು.

"ಒಂದು ಗೀರು. ಅಷ್ಟೇ. ಸದ್ಯ, ಪಿಸ್ಟನ್ ಗಟ್ಟಿ ಪಿಂಡ!"

"ನಿಮ್ಮನ್ನ ಕಟ್ಕೊಂಡವರೆಲ್ಲ ಗಟ್ಟಿ ಪಿಂಡಗಳೇ. ಈಗೇನು ಮಾಡ್ತೀರಿ? ಅಂಗಡಿ ಮುಚ್ಚಿದೆ."

ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗದ ಜಾತಿ ಡಾಕ್ಟರದು. ಮಸಿ ಹಿಡಿದ ಹಳೆಯ ಪ್ಲಗ್ಗೊಂದನ್ನು ಬೆರಳಲ್ಲಿ ಹಿಡಿದು ಬೆಳಕಿಗೆ ತಿರುಗಿಸಿದರು. ಪಿಂಗಾಣಿ ಬಿರುಕು ಬಿಟ್ಟಿರಲಿಲ್ಲ. ಕೊಕ್ಕೆ ಸವೆದಿರಲಿಲ್ಲ. ಇದ್ದದ್ದು ಬರೀ ಪಾಚಿ! ಮುಖ ಊರಗಲವಾಯಿತು.

"ಕೊಳಕಾಗಿದೆ ಅಂತ ಹಲ್ಲನ್ನ ಕಿತ್ತು ಎಸೆಯೋನು ಕಟುಕ. ಕ್ಲೀನ್ ಮಾಡಿ ಉಳಿಸೋನು ಡಾಕ್ಟರು! ತೆಗಿ ನನ್ನ ಕ್ಲಿನಿಕ್ಕಿನ ಬೀಗದಕೈ!"

ಮುಖ್ಯ ರಸ್ತೆಯಲ್ಲಿದ್ದ ಅವರ ಕ್ಲಿನಿಕ್ಕಿಗೆ ಅಂದು ಮಧ್ಯಾಹ್ನದ ಮೇಲೆ ರಜೆ. ನಾಲ್ವರು ರೋಗಿಗಳು ಟ್ರೇಯಲ್ಲಿ ಸಾಲಾಗಿ ಮಲಗಿದರು. ಡಾಕ್ಟರು ಒಬ್ಬೊಬ್ಬರನ್ನೇ ಕೈಗೆತ್ತಿಕೊಂಡು, ಹಲ್ಲಿನ ಪಾಚಿ ಕೆರೆಯುವ ಯಂತ್ರವನ್ನು 'ಜುಯ್ಯ್' ಅನ್ನಿಸಿದರು. ಮಸಿ ಚಕ್ಕೆಚಕ್ಕೆಯಾಗಿ ಎದ್ದು ಬಂತು. ಸಂದುಗೊಂದುಗಳಿಗೆ ಹಲ್ಲು ಕೆರೆಯುವ ಸೂಜಿ, ಮೈಗೆ ತಿರುಗುವ ಬ್ರಷ್ಷು, ಕೊನೆಗೆ ಹೊಳಪಿನ ಪುಡಿ. ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರುವ ಸಂದು ಮಾತ್ರ ಮಾವನವರು ಇಟ್ಟಂತೆಯೇ ಇರಲೆಂದು ಅದರ ತಂಟೆಗೆ ಹೋಗಲಿಲ್ಲ. ಕೆಲಸದ ಹುರುಪಿನಲ್ಲಿ ಎರಡು ಸಲ "ಹ್ಞಾಂ, ಈಗ ಬಾಯಿ ಮುಕ್ಕಳಿಸಿ" ಎಂದೂ ಅಂದುಬಿಟ್ಟರು. ಪಿಚಕಾರಿಯಿಂದ ನೀರು ಬಿಟ್ಟು, ಗಾಳಿ ಊದಿ ಒಣಗಿಸಿದಾಗ ನಾಲ್ಕೂ ಪ್ಲಗ್ಗುಗಳು ಹಾಲುಹಲ್ಲಿನಂತೆ ಫಳಫಳ ಹೊಳೆದವು. ಉಗುಳುವ ಬೇಸಿನ್ನು ಒಲೆಯ ಬೂದಿಗುಂಡಿಯಂತಾಗಿತ್ತು. ಇರಲಿ, ಅದನ್ನು ಆಮೇಲೆ ತೊಳೆದರಾಯಿತು.

ಸಂಜೆ ಬೆಳಕಿನಲ್ಲಿ ಮತ್ತೆ ಶೆಡ್ಡು. ಪ್ಲಗ್ಗು ಕೂತವು, ವೈರು ಸಿಕ್ಕಿಸಿದ್ದಾಯಿತು. ಕೀಲಿ ತಿರುಗಿಸಿದರು. ಈ ಸಲ ಎಂಜಿನ್ನು ಸರಾಗವಾಗಿ ತಿರುಗಿತು. ತಿರುಗಿತು, ತಿರುಗಿತು, ಆಮೇಲೆ…

ಢಮಾರ್!

ಹಿಂದಿನ ಕೊಳವೆಯಿಂದ ಕರೀ ಮೋಡವೊಂದು ಹಾರಿ, ಹಿತ್ತಲ ಹಗ್ಗದ ಮೇಲೆ ಒಣಗುತ್ತಿದ್ದ ಡಾಕ್ಟರ ಬಿಳಿ ಕೋಟುಗಳನ್ನು ಅಪ್ಪಿಕೊಂಡಿತು. ಪಕ್ಕದ ಮನೆಯ ಅಜ್ಜಿ ಗೋಡೆಯ ಮೇಲಿಂದ ತಲೆಯೆತ್ತಿದರು.

"ಏನಪ್ಪಾ ಡಾಕ್ಟ್ರೇ, ಏನದು ಸಿಡಿದಿದ್ದು?"

"ಏನಿಲ್ಲ ಅಜ್ಜಿ, ಗಾಡಿ ಸೀನ್ತು!"

ಟೈಲರಮ್ಮ ಕೋಟುಗಳನ್ನು ನೋಡಿದರು, ಗಂಡನನ್ನು ನೋಡಿದರು. "ವೈರು ಅದಲುಬದಲಾಗಿದೆ. ತಲೇಲಿ ಇಟ್ಕೊಂಡಿದ್ರಲ್ಲ ನಕ್ಷೆ, ತೆಗೀರಿ ಹೊರಗೆ."

"ಇತ್ತು ಕಣೇ… ಸದ್ದಿಗೆ ಹಾರಿಹೋಯ್ತು."

"ಸರೀರಿ ಆಚೆಗೆ!" ಟೈಲರಮ್ಮ ಎಂಜಿನ್ನಿನ ಮೇಲೆ ಬಗ್ಗಿದರು. "ನೋಡಿ ಇಲ್ಲಿ. ಒಂದೊಂದು ವೈರೂ ಒಂದೊಂದು ಉದ್ದ. ಇದು ಗಿಡ್ಡ ತೋಳಿನ ಹಾಗೆ ಎಳೀತಿದೆ. ಅದು ದೊಗಳೆ ತೋಳಿನ ಹಾಗೆ ಜೋಲಾಡ್ತಿದೆ. ಅಣ್ಣನ ಅಂಗಿ ತಮ್ಮನಿಗೆ, ತಮ್ಮಂದು ಅಣ್ಣನಿಗೆ ತೊಡಿಸಿದ್ದೀರಿ. ಬದಲಾಯಿಸಿ!"

ಬದಲಾಯಿಸಿದರು. ಕೀಲಿಗೆ ಕೈ ಹಚ್ಚಿದ್ದೇ ತಡ, ಕೆಂಪಿ 'ಗುರ್ರ್' ಎಂದು ಎದ್ದಿತು! ಕೆಮ್ಮಿಲ್ಲ, ದಮ್ಮಿಲ್ಲ. ಹೊಟ್ಟೆ ತುಂಬಿದ ಬೆಕ್ಕಿನಂತೆ ಹಾಯಾಗಿ ಗುರುಗುಟ್ಟಿತು. ಗಂಡ ಹೆಂಡತಿ ಮಸಿ ಕೈಗಳನ್ನೇ ಹಿಡಿದುಕೊಂಡು ಶೆಡ್ಡಿನಲ್ಲಿ ಒಂದು ಸುತ್ತು ಕುಣಿದರು.

ಕುಣಿತ ಮುಗಿದ ಮೇಲೆ ಟೈಲರಮ್ಮ ಬೆರಳೆತ್ತಿದರು. "ನಾಳೆ ಅಪ್ಪನ ಮುಂದೆ 'ಗಾಡಿ ರೆಡಿ' ಅನ್ನಿ. ಅದಕ್ಕಿಂತ ಒಂದಕ್ಷರ ಹೆಚ್ಚಿಗೆ ಬಾಯಿ ಬಿಡಬೇಡಿ. ನಿಮ್ಮ ದಮ್ಮಯ್ಯ."

"ಲೇ, ಬೇರೆಯವರ ಬಾಯಿ ಬಿಡಿಸೋದು ನನ್ನ ಕಸುಬು. ನಾನು ಬಿಡ್ತೀನಾ!"

ಭಾನುವಾರ ಬೆಳಿಗ್ಗೆ ಷಡ್ಡಕ ತನ್ನ ಕಾರಿನಲ್ಲಿ ಮಾವನವರನ್ನು ಕರೆತಂದ. ಇಳಿಯುವಾಗಲೇ, "ತಳ್ಳಿ ಸುಸ್ತಾದ್ರೆ ಎಳೆಯೋಕೆ ಬೇಕಾಗುತ್ತೇನೋ ಅಂತ ಹಗ್ಗ ತಂದಿದ್ದೀನಿ," ಎಂದು ನಯವಾಗಿ ಕುಟುಕಿದ. ಮಾವನವರು ಒಂದು ಕೈಯಲ್ಲಿ ಊರುಗೋಲು, ಇನ್ನೊಂದು ಕೈಯಲ್ಲಿ ಎಡಗೆನ್ನೆ ಹಿಡಿದುಕೊಂಡು ಮೆಲ್ಲನೆ ಬಂದರು. ಕೆನ್ನೆ ಚೆನ್ನಾಗಿಯೇ ಊದಿತ್ತು. ಊದಿದ ಕೆನ್ನೆಯನ್ನು ಬಸ್ಸಿನ ಕಿಟಕಿಯಲ್ಲಿ ಕಂಡರೂ ಗುರುತಿಸುವ ಡಾಕ್ಟರು ಅಂದು ಕೆಂಪಿಯನ್ನು ಬಿಟ್ಟು ಬೇರೇನನ್ನೂ ನೋಡಲಿಲ್ಲ.

"ಗಾಡಿ ರೆಡಿ ಮಾವ!"

ಒಂದೇ ಸಲ. ಕೀಲಿ ತಿರುಗಿದ್ದೇ ತಡ, ಕೆಂಪಿ ಗುರುಗುಟ್ಟಿತು. ಷಡ್ಡಕ ಕನ್ನಡಕ ತೆಗೆದು ಒರೆಸಲು ಶುರುಮಾಡಿದ. ಮಾವನವರು ಬಾನೆಟ್ಟಿನ ಮೇಲೆ ಅಂಗೈಯಿಟ್ಟು ಕಣ್ಣು ಮುಚ್ಚಿ ನಿಂತರು. ಕಣ್ಣಂಚು ಒದ್ದೆಯಾಯಿತು.

"ಇದು… ಇದು ನನ್ನ ಕೆಂಪಿ ದನಿ. ಇಂಥ ದನಿ ಕೇಳಿ ಎಷ್ಟು ವರ್ಷ ಆಗಿತ್ತು! ಗಾಡಿ ನಿಮ್ಮದು ಅಳಿಯಂದಿರೇ. ಮಾತಂದ್ರೆ ಮಾತು."

ಡಾಕ್ಟರು ಉಬ್ಬಿ ಹೋದರು. ಟೈಲರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಕತೆ ಅಲ್ಲಿಗೇ ಮುಗಿದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು! ಆದರೆ ಮಾವನವರು ಒಂದು ಪ್ರಶ್ನೆ ಕೇಳಿದರು, ಪಾಪ, ಬರೀ ಮೆಚ್ಚುಗೆಯಿಂದ.

"ಯಾವ ಪ್ಲಗ್ ಹಾಕಿದ್ರಿ?"

"ಅಪ್ಪಾ, ಒಳಗೆ ಬಾ, ಕಾಫಿ ಆರಿಹೋಗುತ್ತೆ," ಎಂದು ಟೈಲರಮ್ಮ ಗಂಡನ ಕಾಲು ತುಳಿದರು.

ತುಳಿದರೆ ನಿಲ್ಲುವ ಬ್ರೇಕೇ ಅದು? ಡಾಕ್ಟರು ಆಗಲೇ ಇಳಿಜಾರಿನಲ್ಲಿದ್ದರು. "ಅದೊಂದು ದೊಡ್ಡ ಸಾಹಸ ಮಾವ! ಮೊದಲು ಹಳೇದನ್ನೆಲ್ಲ ಒಂದೇ ಏಟಿಗೆ ಕಿತ್ತುಬಿಟ್ಟೆ. ನೋಡೋಕೆ ಹೋಗ್ಲಿಲ್ಲ, ಕೊಳಕಾಗಿ ಕಾಣ್ತು, ಕಿತ್ತೆ. ಆಮೇಲೆ ಇದ್ದಿದ್ರಲ್ಲೇ ಉದ್ದ ಬೇರಿನದ್ದು ತಂದು ಜಡಿದೆ. ಅದು ಹೋಗಿ ಒಳಗೆ ಬಡೀತು! ಆಮೇಲೆ ತಾನೇ ಗೊತ್ತಾಗಿದ್ದು, ಕಿತ್ತಿದ್ದರಲ್ಲಿ ಒಂದೂ ಕೀಳೋ ಅಂಥದ್ದೇ ಆಗಿರಲಿಲ್ಲ ಅಂತ!"

ಮಾವನವರು ಕೆನ್ನೆಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡರು.

"ಆದ್ರೂ ಬಿಡ್ಲಿಲ್ಲ. ಹಳೇದನ್ನೇ ಕ್ಲಿನಿಕ್ಕಿಗೆ ಹೊತ್ಕೊಂಡು ಹೋಗಿ, ಪೇಷೆಂಟುಗಳ ಹಲ್ಲು ಕೆರೆಯೋ ಮಿಷನ್ನಲ್ಲೇ ಮಸಿ ಕೆರೆದು, ಹಲ್ಲುಜ್ಜೋ ಬ್ರಷ್ಷಲ್ಲೇ ಉಜ್ಜಿ…"

"ಅದೇ ಮಿಷನ್ನಲ್ಲೇ?"

"ಅದೇ! ಎಲ್ಲ ಸಲಕರಣೆ ಆವಿಯಲ್ಲಿ ಬೇಯಿಸಿ ಶುದ್ಧ ಮಾಡೇ ಮಾಡಿದ್ದು ಮಾವ. ಅದರಲ್ಲಿ ನಾನು ಭಾಳ ಕಟ್ಟುನಿಟ್ಟು."

"ಬೇಯಿಸಿದ್ದು ಪ್ಲಗ್ ಉಜ್ಜೋ ಮುಂಚೇನೋ, ಆಮೇಲೋ?"

"ಮುಂಚೆ…" ಎಂದ ಡಾಕ್ಟರು ನಾಲಿಗೆ ಕಚ್ಚಿಕೊಂಡರು. ಆಡಿದ ಮಾತು, ಒಡೆದ ಮುತ್ತು! ಆಗ ಅವರ ಕಣ್ಣಿಗೆ ಬಿತ್ತು, ಆ ಊದಿದ ಕೆನ್ನೆ.

"ಮಾವ! ಇದೇನಿದು, ದವಡೆ ಬಾತಿದೆ! ಬನ್ನಿ ಬನ್ನಿ, ಈಗಲೇ ಕ್ಲಿನಿಕ್ಕಿಗೆ…"

ಮಾವನವರು ಊರುಗೋಲನ್ನು ಇಬ್ಬರ ನಡುವೆ ಅಡ್ಡ ಇಟ್ಟರು. "ಬೇಡ ಬೇಡ. ಬಂದಿದ್ದೇನೋ ಅದಕ್ಕೂ ಹೌದು. ಆದ್ರೆ ಭಾನುವಾರ ನಿಮಗೆ ರಜಾ. ನಿಮ್ಮ ಕ್ಲಿನಿಕ್ಕಿನ ಎದುರಿಗೆ ಹೊಸದಾಗಿ ಒಬ್ಬ ಹುಡುಗಿ ಹಲ್ಲಿನ ಆಸ್ಪತ್ರೆ ತೆಗೆದಿದ್ದಾಳಂತಲ್ಲ, ಭಾನುವಾರಾನೂ ಇರ್ತಾಳಂತೆ. ಅಲ್ಲಿಗೆ ಹೋಗಿ ಬರ್ತೀನಿ."

"ನಾನು ಕರ್ಕೊಂಡು ಹೋಗ್ತೀನಿ ಮಾವ," ಷಡ್ಡಕ ತನ್ನ ಕಾರಿನ ಬಾಗಿಲು ತೆಗೆದ.

"ಛೆ! ದೊಡ್ಡ ಅಳಿಯಂದಿರ ಜೊತೆ ಕೆಂಪೀಲಿ ಒಂದು ಸುತ್ತು ಅಂತ ಮಾತಾಗಿದೆಯಲ್ಲ," ಎಂದು ಮಾವನವರು ಕೆಂಪಿಯಲ್ಲಿ ಹತ್ತಿ ಕೂತೇಬಿಟ್ಟರು.

ಮಾತಂದ್ರೆ ಮಾತು. ಚಾವಣಿ ಮಡಚಿದ ಕೆಂಪಿ, ಪಕ್ಕದಲ್ಲಿ ಮಾವನವರು, ಡಾಕ್ಟರ ಕೈಯಲ್ಲಿ ಸ್ಟಿಯರಿಂಗು. ಮುಖ್ಯ ರಸ್ತೆಯ ಜನರೆಲ್ಲ ನಿಂತು ನೋಡಿದರು. ಡಾಕ್ಟರು ತಮ್ಮದೇ ಹೆಸರಿನ ಬೋರ್ಡನ್ನು ದಾಟಿ ಹೋಗಿ ಎದುರಿನ ಬಾಗಿಲಲ್ಲಿ ಗಾಡಿ ನಿಲ್ಲಿಸಿದರು. ಅಲ್ಲಿ ಬೆಂಚಿನ ಮೇಲೆ ಕಾಯುತ್ತಿದ್ದವರಲ್ಲಿ ಇಬ್ಬರು ಅವರದೇ ಹಳೆಯ ಪೇಷೆಂಟುಗಳು. ಒಬ್ಬ ಪೇಪರಿನ ಹಿಂದೆ ಮುಖ ಮುಚ್ಚಿಕೊಂಡ. ಇನ್ನೊಬ್ಬಾಕೆ, "ನೀವೂ ಇಲ್ಲೇ ತೋರಿಸ್ಕೊಳ್ಳೋದಾ ಡಾಕ್ಟ್ರೇ?" ಎಂದು ಕೇಳಿಯೇ ಬಿಟ್ಟಳು.

ಮಾವನವರು ನಿಧಾನವಾಗಿ ಇಳಿದರು. ಕೆಂಪಿಯ ಬಾಗಿಲನ್ನು ಪ್ರೀತಿಯಿಂದ ಮುಚ್ಚಿ, ಬೆಂಚಿನವರಿಗೆಲ್ಲ ಕೇಳುವಂತೆ, ಮನಃಪೂರ್ವಕವಾಗಿ ಹೇಳಿದರು:

"ಏನೇ ಹೇಳಿ ಅಳಿಯಂದಿರೇ, ಕೈಗುಣ ಅಂದ್ರೆ ನಿಮ್ಮದು… ಗಾಡಿಗಳಿಗೆ!"